ಸಿ ಭಾಷೆ ಬರುತ್ತದೆ, ಜಿಸಿಸಿ ಕಂಪೈಲರ್‌ನಲ್ಲಿ ಇನ್‌ಲೈನ್ ಅಸೆಂಬ್ಲಿ (ಸಿ ಕೋಡ್ ನಡುವೆಯೇ ಬರೆಯುವ ಅಸೆಂಬ್ಲಿ) ಕಲಿಯೋದು ಎಲ್ಲಿಂದ ಶುರು ಮಾಡಲಿ?

ಇನ್‌ಸ್ಟ್ರಕ್ಷನ್‌ಗಳನ್ನೆಲ್ಲ ಬಾಯಿಪಾಠ ಮಾಡೋಕೆ ಹೋಗಬೇಡಿ. ಕಷ್ಟ ಇರುವುದು ಅಲ್ಲಲ್ಲ. ‘ಎಎಸ್‌ಎಂ’ ಅಂತ ಹಾಕಿ ಕೋಟ್‌ಗಳ ಒಳಗೆ ನೀವು ಬರೆದ ಅಸೆಂಬ್ಲಿ ಏನು ಮಾಡುತ್ತದೆ ಅಂತ ಜಿಸಿಸಿ ನೋಡುವುದೇ ಇಲ್ಲ. ಆಪರೆಂಡ್‌ಗಳ, ಅಂದರೆ ಇನ್‌ಸ್ಟ್ರಕ್ಷನ್ ಬಳಸುವ ವ್ಯಾಲ್ಯೂಗಳ, ಜಾಗ ತುಂಬಿ ಸೀದಾ ಅಸೆಂಬ್ಲರ್‌ಗೆ ದಾಟಿಸುತ್ತದೆ. ಅದು ನಂಬುವುದು ಆ ಕೋಟ್ ಮುಗಿದ ಮೇಲೆ ಕೋಲನ್‌ಗಳ ನಂತರ ನೀವು ಹೇಳಿದ್ದನ್ನು: ಮೊದಲು ಔಟ್‌ಪುಟ್, ಆಮೇಲೆ ಇನ್‌ಪುಟ್, ಕೊನೆಗೆ ಕ್ಲಾಬರ್, ಅಂದರೆ ನಿಮ್ಮ ಕೋಡ್‌ನಿಂದ ಕೆಡುವ ಬೇರೆ ರಿಜಿಸ್ಟರ್‌ಗಳು (ಪ್ರೊಸೆಸರಿನ ಒಳಗೇ ವ್ಯಾಲ್ಯೂ ಇಡುವ ಜಾಗಗಳು).

ಯಾರಿಗಾದರೂ ಹೇಳಿಕೊಡುವಾಗ ನಾನು ಎಕ್ಸ್86 (ಇಂಟೆಲ್, ಎಎಂಡಿ) ಪ್ರೊಸೆಸರ್‌ಗಳ ‘ಆರ್‌ಡಿಟಿಎಸ್‌ಸಿ’ಯಿಂದ ಶುರು ಮಾಡಿಸುತ್ತೇನೆ. ಪ್ರೊಸೆಸರಿನ ಟೈಮ್ ಸ್ಟ್ಯಾಂಪ್ ಕೌಂಟರ್ ಓದುವ ಒಂದೇ ಇನ್‌ಸ್ಟ್ರಕ್ಷನ್ ಅದು. ಉತ್ತರ 64 ಬಿಟ್. ಕೆಳಗಿನ 32 ಇಎಎಕ್ಸ್ ರಿಜಿಸ್ಟರ್‌ನಲ್ಲಿ, ಮೇಲಿನ 32 ಇಡಿಎಕ್ಸ್ ರಿಜಿಸ್ಟರ್‌ನಲ್ಲಿ ಬರುತ್ತದೆ. ನಾವು ಅದಕ್ಕೆ ಏನನ್ನೂ ಕೊಡಬೇಕಿಲ್ಲ, ಹಾಗಾಗಿ ಇನ್‌ಪುಟ್ ಖಾಲಿ. ಔಟ್‌ಪುಟ್‌ಗೆ 32 ಬಿಟ್‌ನ ಎರಡು ಅನ್‌ಸೈನ್ಡ್ ವೇರಿಯಬಲ್ ಕೊಡಿ, ಒಂದಕ್ಕೆ ‘=ಎ’ (ಇಎಎಕ್ಸ್‌ನಿಂದ ತಗೋ ಅಂತ), ಇನ್ನೊಂದಕ್ಕೆ ‘=ಡಿ’ (ಇಡಿಎಕ್ಸ್‌ನಿಂದ). ಎರಡೂ ಸಣ್ಣಕ್ಷರ. ದೊಡ್ಡಕ್ಷರದ ‘ಎ’ ಹಾಕಿದ ಹಳೇ ಕೋಡ್ ಎಲ್ಲಾದರೂ ಸಿಕ್ಕರೆ ಸುಮ್ನೆ ಕಾಪಿ ಮಾಡಬೇಡಿ, ಎರಡನ್ನೂ ಜೋಡಿಸಿ ಕೊಡುವ ಆ ಉಪಾಯ 32 ಬಿಟ್ ಪ್ರೋಗ್ರಾಂಗಳಿಗೆ ಮಾತ್ರ. ಮೇಲಿನ ಭಾಗವನ್ನು ಸಿಯಲ್ಲೇ 64 ಬಿಟ್‌ಗೆ ಕಾಸ್ಟ್ ಮಾಡಿ, 32 ಸ್ಥಾನ ಎಡಕ್ಕೆ ಶಿಫ್ಟ್ ಮಾಡಿ, ಕೆಳಗಿನದರ ಜೊತೆ ಸೇರಿಸಿದರಾಯಿತು.

ಮಜಾ ಇರುವುದು ಇದರ ನಂತರ. ಒಂದು ಲೂಪ್‌ಗೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಓದಿ ಕಳೆಯಿರಿ. ‘ಎಎಸ್‌ಎಂ’ ಪಕ್ಕ ‘ವೊಲಟೈಲ್’ ಹಾಕದೆ ಓ2ನಲ್ಲಿ, ಅಂದರೆ ಆಪ್ಟಿಮೈಸೇಶನ್ ಆನ್ ಮಾಡಿ, ಕಂಪೈಲ್ ಮಾಡಿದರೆ ವ್ಯತ್ಯಾಸ ಸೊನ್ನೆ ಬರಬಹುದು! ಇನ್‌ಪುಟ್ ಇಲ್ಲ ಅಂದಮೇಲೆ ಎರಡು ಸಲವೂ ಉತ್ತರ ಒಂದೇ ಅಲ್ವಾ ಅಂತ ಜಿಸಿಸಿ ಒಂದನ್ನು ಕಿತ್ತುಹಾಕಿರುತ್ತದೆ. ಪ್ರತಿ ಸಲ ಬೇರೆ ಬರುತ್ತದೆ ಅಂತ ನೀವು ಹೇಳಿಯೇ ಇಲ್ಲವಲ್ಲ. ‘ವೊಲಟೈಲ್’ ಸೇರಿಸಿ, ಎರಡೂ ಉಳಿಯುತ್ತವೆ. ‘ವೊಲಟೈಲ್’ ಇಲ್ಲದೆ ಒಮ್ಮೆ, ಹಾಕಿ ಒಮ್ಮೆ, ಎರಡು ಸಲವೂ ಮೈನಸ್ ಎಸ್ (ದೊಡ್ಡಕ್ಷರ) ಆಪ್ಷನ್ ಕೊಟ್ಟು, ಬರುವ ಅಸೆಂಬ್ಲಿ ಫೈಲ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ನೀವು ಬರೆದ ಸಾಲುಗಳು ‘ಎಪಿಪಿ’, ‘ನೋ ಎಪಿಪಿ’ ಅನ್ನುವ ಗುರುತುಗಳ ನಡುವೆ ಸಿಗುತ್ತವೆ.

ಅಸೆಂಬ್ಲಿಯ ಒಳಗಿಂದ ಪಾಯಿಂಟರ್ ಹಿಡಿದು ಮೆಮೊರಿಗೆ ಬರೆಯುತ್ತಿದ್ದರೆ ‘ಮೆಮೊರಿ’ ಕ್ಲಾಬರ್ ಹಾಕಿ. ಇಲ್ಲದಿದ್ದರೆ ಕಂಪೈಲರ್ ತಾನು ರಿಜಿಸ್ಟರ್‌ನಲ್ಲಿ ಇಟ್ಟುಕೊಂಡ ಹಳೇ ವ್ಯಾಲ್ಯೂನೇ ಬಳಸಿಬಿಡಬಹುದು. ಇದರ ಬಗ್ ಓ0ನಲ್ಲಿ, ಅಂದರೆ ಆಪ್ಟಿಮೈಸೇಶನ್ ಇಲ್ಲದಾಗ, ಹೆಚ್ಚಾಗಿ ಕಾಣಿಸುವುದೇ ಇಲ್ಲ, ಅದಕ್ಕೇ ತಲೆ ಜಾಸ್ತಿ ತಿನ್ನುತ್ತದೆ.

ಇನ್ನೊಂದು ವಿಷಯ, ಇಂಟೆಲ್ ಮ್ಯಾನ್ಯುಯಲ್‌ನಲ್ಲಿ ಡೆಸ್ಟಿನೇಶನ್ (ಉತ್ತರ ಹೋಗಿ ಸೇರುವ ಜಾಗ) ಮೊದಲು, ಜಿಸಿಸಿಯ ಡೀಫಾಲ್ಟ್ ಎಟಿ ಅಂಡ್ ಟಿ ಶೈಲಿಯಲ್ಲಿ ಕೊನೆಗೆ. ಮೊದಮೊದಲು ಇದು ಎಲ್ಲರಿಗೂ ಗೊಂದಲ.

ಇಷ್ಟಾದ ಮೇಲೆ ಪ್ರೊಸೆಸರಿನ ವಿವರ ಕೊಡುವ ‘ಸಿಪಿಯುಐಡಿ’ ಇನ್‌ಸ್ಟ್ರಕ್ಷನ್ ಬರೆದು ನೋಡಿ. ಅದು ನಾಲ್ಕು ರಿಜಿಸ್ಟರ್‌ಗಳಿಗೆ ಬರೆಯುತ್ತದೆ, ಇನ್‌ಪುಟ್ ಕೂಡ ಇದೆ.