ಮಾರಾ ನದಿಯ ದಡದಲ್ಲಿ ಕಾಯಬೇಕು

ಪ್ರಶ್ನೆ: ಸೆಪ್ಟೆಂಬರ್‌ನಲ್ಲಿ ಮನೆಮಂದಿಯೆಲ್ಲ ಕೀನ್ಯಾದ ಮಸಾಯಿ ಮಾರಾಕ್ಕೆ ಹೊರಟಿದ್ದೇವೆ. ವೈಲ್ಡ್‌ಬೀಸ್ಟ್ ಎಂಬ ದೊಡ್ಡ ಹುಲ್ಲೆಗಳ ಹಿಂಡು ಮಾರಾ ನದಿ ದಾಟುವುದನ್ನು ನೋಡಲು ಒಂದು ದಿನ ಸಾಕೇ?
— ಓದುಗರು, ಮೈಸೂರು

ಉತ್ತರ: ಸಾಲದು. ಕನಿಷ್ಠ ಮೂರು ರಾತ್ರಿ ಉಳಿಯಿರಿ. ತಿಂಗಳೇನೋ ಸರಿಯಾಗಿದೆ, ಜುಲೈಯಿಂದ ಅಕ್ಟೋಬರ್‌ವರೆಗೆ ಹಿಂಡುಗಳು ಪಕ್ಕದ ಟಾಂಜಾನಿಯಾದ ಸೆರೆಂಗೆಟಿ ಬಯಲಿನಿಂದ ಬಂದು ಇಲ್ಲಿ ಮೇಯುತ್ತವೆ. ಆದರೆ ದಾಟುವುದಕ್ಕೆ ವೇಳಾಪಟ್ಟಿ ಇಲ್ಲ. ದಡದಲ್ಲಿ ಗಂಟೆಗಟ್ಟಲೆ ನಿಂತು, ನೀರು ಮೂಸಿ, ಧೂಳೆಬ್ಬಿಸಿ ಹಿಂತಿರುಗುವುದೂ ಉಂಟು. ಹಿಂದಿನವು ಒತ್ತಿದಾಗ ಮುಂದಿನದೊಂದು ಧುಮುಕುತ್ತದೆ, ಉಳಿದವು ಸಾಲುಗಟ್ಟಿ ಹಿಂಬಾಲಿಸುತ್ತವೆ. ಎಲ್ಲರೂ ಮೊಸಳೆಯನ್ನೇ ಹುಡುಕುತ್ತಾರೆ. ನಿಜವಾಗಿ ಹೆಚ್ಚು ಸಾವು ಮುಳುಗಿ ಆಗುವುದು. ಎದುರು ದಡ ಕಡಿದಾಗಿದ್ದರೆ ಹತ್ತಲಾಗದೆ ಒಂದರ ಮೇಲೊಂದು ಬೀಳುತ್ತವೆ.

ನಿಮ್ಮ ಚಾಲಕರಿಗೆ ಮೊದಲೇ ಹೇಳಿಬಿಡಿ: ಹಿಂಡು ನೀರಿಗಿಳಿಯುವವರೆಗೆ ಗಾಡಿ ದೂರವೇ ಇರಲಿ. ದಡಕ್ಕೆ ನುಗ್ಗಿದ ಒಂದೇ ಒಂದು ಗಾಡಿ ಇಡೀ ಹಿಂಡನ್ನು ಬೆದರಿಸಿ ಓಡಿಸಬಲ್ಲದು. ಇದು ಬಹಳ ಬೇಸರದ ಸಂಗತಿ, ಪ್ರಾಣಿಗಳಿಗೂ ಅಪಾಯ.

ಕ್ಯಾಮೆರಾಗೆ ಟ್ರೈಪಾಡ್ ಬೇಡ, ಗಾಡಿಯೊಳಗೆ ಜಾಗವಿರುವುದಿಲ್ಲ. ಖಾಲಿ ಬಟ್ಟೆಚೀಲ ಒಯ್ದು, ಅಲ್ಲೇ ಎರಡು ಕಿಲೋ ಅಕ್ಕಿ ತುಂಬಿ ಕಿಟಕಿಯ ಮೇಲಿಟ್ಟು ಲೆನ್ಸ್ ಊರಿ. ಎಂಜಿನ್ ಆಫ್ ಮಾಡಿಸಿ, ಇಲ್ಲದಿದ್ದರೆ ಚಿತ್ರ ಅಲುಗುತ್ತದೆ. ಪ್ಲಾಸ್ಟಿಕ್ ಕೈಚೀಲ ಒಯ್ಯಬೇಡಿ, 2017ರಿಂದ ಅಲ್ಲಿ ನಿಷೇಧ. ಮಾರಾ ಎತ್ತರದ ಪ್ರದೇಶ, ಬೆಳಗಿನ ಚಳಿಗೆ ಸ್ವೆಟರ್ ಬೇಕೇಬೇಕು.

ಹಳದಿ ಜ್ವರದ ಲಸಿಕೆಯನ್ನು ಹೊರಡುವ 10 ದಿನ ಮೊದಲೇ ಅಧಿಕೃತ ಕೇಂದ್ರದಲ್ಲಿ ಹಾಕಿಸಿ. ಆ ಪ್ರಮಾಣಪತ್ರವಿಲ್ಲದೆ ಮರಳಿದರೆ ಭಾರತದಲ್ಲಿ 6 ದಿನದವರೆಗೆ ಪ್ರತ್ಯೇಕವಾಸಕ್ಕೆ ಕಳಿಸಬಹುದು. ಮಲೇರಿಯಾ ಮಾತ್ರೆಗೆ ವೈದ್ಯರನ್ನು ಕೇಳಿ.