ಐದನೇ ತಂತಿಗೆ ಮುಂಚೆ ನಟ್ ನೋಡಿ

ಹುಬ್ಬಳ್ಳಿಯ ಓದುಗರೊಬ್ಬರ ಪತ್ರ: "ನಮ್ಮ ಬ್ಯಾಂಡಿಗೆ ಕೆಳಗಿನ ಬಿ ಸ್ವರ ಬೇಕಾಗಿದೆ. ನಾಲ್ಕು ತಂತಿಯ ಬೇಸ್ ಗಿಟಾರ್‌ನಲ್ಲಿ ಇ ತಂತಿಯನ್ನೇ ಇಳಿಸಿದರೆ ಪಟಪಟ ಬಡಿಯುತ್ತದೆ. ಐದು ತಂತಿಯದನ್ನು ಕೊಳ್ಳಲೇ?"

ಸದ್ಯಕ್ಕೆ ಬೇಡ. ಇಷ್ಟು ಸೂಕ್ಷ್ಮವಾಗಿ ಕೇಳಿಸಿಕೊಳ್ಳುವ ನೀವು ಪರಿಹಾರಕ್ಕೆ ನೇರ ಅಂಗಡಿಗೆ ಹೊರಟಿದ್ದೇಕೆ? ಇ ಎಂದರೆ 41.2 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ), ಬಿ 30.9. ಅದೇ ತಂತಿಯನ್ನು ಅಷ್ಟು ಇಳಿಸಿದರೆ ಬಿಗಿತ ಶೇ 44ರಷ್ಟು ಕುಸಿಯುತ್ತದೆ. ಸಡಿಲ ತಂತಿ ಫ್ರೆಟ್‌ಗೆ (ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿಗೆ) ಬಡಿಯದೆ ಇನ್ನೇನು ಮಾಡೀತು?

ಐದು ತಂತಿಯ ಸೆಟ್ ತನ್ನಿ, ದಪ್ಪ ಇಂಚಿನಲ್ಲಿ: .130, .105, .085, .065, .045. ಕೊನೆಯ ಜಿ ತಂತಿಯನ್ನು ಎತ್ತಿಟ್ಟು ಉಳಿದವನ್ನು ಬಿ-ಇ-ಎ-ಡಿ ಎಂದು ಕಟ್ಟಿ. ಒಟ್ಟು ಬಿಗಿತ ಹೆಚ್ಚುಕಡಿಮೆ ಮೊದಲಿನಷ್ಟೇ ಇರುತ್ತದೆ. ನಿಜವಾದ ಕೆಲಸ ನಟ್‌ನಲ್ಲಿ, ಅಂದರೆ ಕುತ್ತಿಗೆಯ ಮೇಲ್ತುದಿಯಲ್ಲಿ ತಂತಿಗಳು ಕೂರುವ ಕಚ್ಚುಗಳ ಪಟ್ಟಿಯಲ್ಲಿ. ದಪ್ಪ ತಂತಿ ಹಳೆಯ ಕಚ್ಚಿನೊಳಗೆ ಇಳಿಯದೆ ಮೇಲೆಯೇ ಕುಳಿತರೆ ಮೊದಲ ಫ್ರೆಟ್‌ಗಳಲ್ಲಿ ಸ್ವರ ಏರುತ್ತದೆ. ಪ್ರತಿ ಕಚ್ಚನ್ನೂ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು ಅಗಲಿಸಿ, ತಳ ಮುಟ್ಟಬೇಡಿ. ಆಳವಾದರೆ ಬೆರಳಿಡದ ತಂತಿ ಜುಂಯ್ ಎನ್ನುತ್ತದೆ, ಆಮೇಲೆ ನಟ್ಟನ್ನೇ ಬದಲಿಸಬೇಕು. .130 ತಂತಿಯನ್ನು ಕತ್ತರಿಸುವ ಮುನ್ನ ಚೂಪಾಗಿ ಬಾಗಿಸಿ, ಇಲ್ಲದಿದ್ದರೆ ಒಳಸುತ್ತು ಜಾರಿ ದನಿ ಸಾಯುತ್ತದೆ.

ನಂತರ ಮೊದಲ ಮತ್ತು ಕೊನೆಯ ಫ್ರೆಟ್ ಒತ್ತಿಹಿಡಿದು ಎಂಟನೆಯದರ ಬಳಿ ತಂತಿಗೂ ಫ್ರೆಟ್‌ಗೂ ನಡುವಿನ ಸಂದು ನೋಡಿ: 0.3 ಮಿ.ಮೀ. ಸಾಕು. ಹೆಚ್ಚುಕಡಿಮೆಯಿದ್ದರೆ ಟ್ರಸ್ ರಾಡನ್ನು (ಕುತ್ತಿಗೆಯ ಬಾಗು ಸರಿಪಡಿಸುವ ಒಳಗಿನ ಸರಳು) ಒಮ್ಮೆಗೆ ಕಾಲು ಸುತ್ತು ಮಾತ್ರ ತಿರುಗಿಸಿ. ಹನ್ನೆರಡನೇ ಫ್ರೆಟ್ ಒತ್ತಿದ ಸ್ವರ ಅಲ್ಲಿನ ಹಾರ್ಮೋನಿಕ್‌ಗಿಂತ (ತಂತಿಯನ್ನು ಒತ್ತದೆ ಮೆಲ್ಲಗೆ ಮುಟ್ಟಿ ಮೀಟಿದಾಗಿನ ಸ್ವರ) ಏರಿದ್ದರೆ ಸ್ಯಾಡಲ್ (ಕೆಳತುದಿಯಲ್ಲಿ ತಂತಿ ಕೂರುವ ತುಂಡು) ಹಿಂದಕ್ಕೆ ಸರಿಸಿ.

ಮೇಲಿನ ಜಿ ತಂತಿಯೂ ಬೇಕು, ಹಾಡುಹಾಡಿಗೂ ಶ್ರುತಿ ಬದಲಾಗುತ್ತದೆ ಎನ್ನುವವರಿಗೆ ಐದು ತಂತಿಯೇ ಸರಿ, ಒಪ್ಪುತ್ತೇನೆ. ಆದರೆ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಹಾಡುಗಳಿಗೆ ಬೆನ್ನೆಲುಬಾದದ್ದು ನಾಲ್ಕು ತಂತಿಯ ಪ್ರಿಸಿಷನ್ ಬೇಸ್‌ನಲ್ಲಿ. ಆ ಸಂಗೀತಕ್ಕೆ ಏನು ಕಡಿಮೆಯಾಯಿತು?

ನನ್ನ ಬೇಸರ ಬೇರೆಯದೇ ಇದೆ. ಸಾವಿರಾರು ರೂಪಾಯಿ ಕಿತ್ತುಕೊಂಡು, ನಟ್ಟಿಗೆ ಒಂದು ಅರವನ್ನೂ ತಾಗಿಸದೆ ವಾದ್ಯ ಕೈಗಿಡುವ ಅಂಗಡಿಗಳು; ತಂತಿ ಕಟ್ಟುವುದನ್ನೇ ಕಲಿಸದ ತರಗತಿಗಳು. ವಾದ್ಯ ಸರಿಮಾಡಿಕೊಳ್ಳುವುದು ಸಂಗೀತದ ಪಾಠವೇ ಎಂದು ಹೇಳುವವರೇ ಇಲ್ಲವಾಗಿದ್ದಾರೆ. ಇನ್ನು ವೇದಿಕೆ: ಸಣ್ಣ ಸ್ಪೀಕರ್‌ಗಳು 31 ಹರ್ಟ್ಸನ್ನು ಹೊರಡಿಸುವುದೇ ಕಷ್ಟ, ಕಿವಿಗೆ ಬೀಳುವುದು ಬಹುಪಾಲು ಅದರ ದುಪ್ಪಟ್ಟು 62. ಮಿಕ್ಸರ್‌ನಲ್ಲಿ ನಿಮ್ಮ ಚಾನೆಲ್‌ಗೆ 80 ಹರ್ಟ್ಸ್‌ಗಿಂತ ಕೆಳಗಿನ ದನಿ ತಗ್ಗಿಸುವ ಲೋ-ಕಟ್ ಗುಂಡಿ ಒತ್ತಿಟ್ಟಿದ್ದರೆ ಅದೂ ಸೊರಗುತ್ತದೆ. ಮುಂದಿನ ಕಾರ್ಯಕ್ರಮದಲ್ಲಿ ಮೊದಲು ಆ ಗುಂಡಿ ಬಿಡಿಸಿ.

– ಸಂ.