ನಮ್ಮ ಫುಟ್‌ಬಾಲ್ ಟೀಮ್ ಪ್ರತಿ ಸಲ ಅದೇ ಪ್ಲೇ ಆಡುತ್ತೆ, ರನ್, ರನ್, ಪಾಸ್, ಪಂಟ್. ಸೋಫಾ ಮೇಲೆ ಕೂತ ನನಗೇ ಮುಂಚೆ ಗೊತ್ತಾಗುತ್ತೆ. ಕೋಆರ್ಡಿನೇಟರ್‌ನ ಕಿತ್ತು ಹಾಕೋ ತನಕ ನೋಡೋದನ್ನೇ ಬಿಟ್ಟುಬಿಡಲಾ?

ರನ್, ರನ್, ಪಾಸ್, ಪಂಟ್ ಅಂತ ಬರೆದಿದ್ದೀರಲ್ಲ, ನನ್ನದೇ ಹಳೇ ವಾಟ್ಸಾಪ್ ಮೆಸೇಜ್ ಓದಿದ ಹಾಗಾಯ್ತು. ನಾನು ಇರೋದು ಸಿಯಾಟಲ್ ಪಕ್ಕದ ಬೆಲ್‌ವ್ಯೂನಲ್ಲಿ, ಸಿಯಾಟಲ್‌ನ ಟೀಮ್ ಸೀಹಾಕ್ಸ್ ಕಡೆಯವನು. ಹಾಸನದಲ್ಲಿದ್ದಷ್ಟು ಕಾಲ ಫುಟ್‌ಬಾಲ್ ಅಂದರೆ ಕಾಲಲ್ಲಿ ಒದೆಯೋದು ಅಷ್ಟೇ. ಈ ಅಮೆರಿಕದ ಆಟದ ಹುಚ್ಚು ಹಿಡಿದಿದ್ದು ಸಿಯಾಟಲ್‌ಗೆ ಬಂದ ಮೇಲೆ.

ಆಟ ಗೊತ್ತಿಲ್ಲದವರೂ ಇದನ್ನು ಓದಬಹುದು, ಅವರಿಗೆ ಎರಡು ಮಾತು. ಹತ್ತು ಯಾರ್ಡ್ ಮುಂದೆ ಹೋಗೋಕೆ ನಾಲ್ಕು ಅವಕಾಶ. ಒಂದೊಂದು ಅವಕಾಶಕ್ಕೂ ಏನು ಆಡಬೇಕು ಅಂತ, ಅಂದರೆ ಯಾವ ಪ್ಲೇ ಅಂತ, ಕೋಚ್ ಕಡೆಯಿಂದ ಬಾಲ್ ಎಸೆಯುವ ಕ್ವಾರ್ಟರ್‌ಬ್ಯಾಕ್ ಕಿವಿಗೆ ಬರುತ್ತೆ. ಬಾಲ್ ಹಿಡಿದು ಓಡಿದರೆ ರನ್, ಎಸೆದರೆ ಪಾಸ್. ಮೂರು ಸಲದಲ್ಲಿ ಆಗದಿದ್ದರೆ ಸಾಮಾನ್ಯವಾಗಿ ನಾಲ್ಕನೆಯದರಲ್ಲಿ ಬಾಲನ್ನು ದೂರಕ್ಕೆ ಒದ್ದು ಎದುರಾಳಿಗೆ ಕೊಟ್ಟುಬಿಡುತ್ತಾರೆ. ಅದು ಪಂಟ್. ಏನು ಆಡಬೇಕು ಅಂತ ಹೇಳುವ ಕೆಲಸ ಬಹಳ ಟೀಮ್‌ಗಳಲ್ಲಿ ಆಫೆನ್ಸಿವ್ ಕೋಆರ್ಡಿನೇಟರ್‌ದು. ಬೈಗುಳವೂ ಅವರದೇ.

2018ರ ಸೀಸನ್‌ನ ಕೊನೆ, 2019ರ ಜನವರಿ 5. ಡಲ್ಲಾಸ್ ಕೌಬಾಯ್ಸ್ ವಿರುದ್ಧ ಪ್ಲೇಆಫ್ ಪಂದ್ಯ, ಸೋತರೆ ಮನೆಗೆ. ನಮ್ಮ ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್, ಕೋಆರ್ಡಿನೇಟರ್ ಬ್ರಯಾನ್ ಶಾಟೆನ್‌ಹೈಮರ್. ಆ ಸೀಸನ್‌ನಲ್ಲಿ ಇಡೀ ಲೀಗ್‌ನಲ್ಲೇ ಓಡಿ ಅತಿ ಹೆಚ್ಚು ಯಾರ್ಡ್ ಗಳಿಸಿದ ಟೀಮ್ ನಮ್ಮದು. ಅದೇ ಧೈರ್ಯದಲ್ಲಿ ಆವತ್ತೂ ಓಡಿಸಿದರು, ಓಡಿಸುತ್ತಲೇ ಇದ್ದರು. ಕ್ರಿಸ್ ಕಾರ್ಸನ್ 13 ಸಲ ಬಾಲ್ ಹಿಡಿದು ಓಡಿ ಗಳಿಸಿದ್ದು ಬರೀ 20 ಯಾರ್ಡ್. ಗೋಡೆಗೆ ಹೋಗಿ ಗುದ್ದಿ ವಾಪಸ್ ಬರೋದೇ ಆಯ್ತು. 24-22ಕ್ಕೆ ಸೋತೆವು. ನಮ್ಮ ಮನೆಯಲ್ಲಿ ಇಬ್ಬರು ಗೆಳೆಯರು ಸಂಸಾರ ಸಮೇತ ಬಂದಿದ್ದರು. ಪ್ರತಿ ಸ್ನ್ಯಾಪ್‌ಗೂ (ಬಾಲ್ ಹಿಂದಕ್ಕೆ ಕೊಟ್ಟು ಆಟ ಶುರು ಮಾಡೋದು) ಮುಂಚೆ ನಾನು "ಈಗ ರನ್ ನೋಡ್ರಪ್ಪಾ" ಅನ್ನೋದು, ಅದು ರನ್ನೇ ಆಗೋದು. ಅವತ್ತು ರಾತ್ರಿ ನನಗೆ ನಾನೇ ದೊಡ್ಡ ಪಂಡಿತ. ಹೆಂಡತಿ ಮಾತ್ರ "ಅಷ್ಟು ಗೊತ್ತಿದ್ರೆ ನೀವೇ ಹೋಗಿ ಹೇಳ್ಕೊಡಿ" ಅಂದಳು. ಆಡಿಕೊಂಡಿದ್ದು. ನಾನು ಅದನ್ನೇ ನಿಜ ಅಂದುಕೊಂಡು ಮಗಳ ಫ್ಲ್ಯಾಗ್ ಫುಟ್‌ಬಾಲ್ ಟೀಮ್‌ಗೆ ಕೋಚ್ ಆಗಿಬಿಟ್ಟೆ.

ಫ್ಲ್ಯಾಗ್ ಅಂದರೆ ಮಕ್ಕಳಾಟ. ಕಡೆಗೆ ಐದೈದು ಜನ. ಕೆಡವೋದಿಲ್ಲ, ಸೊಂಟಕ್ಕೆ ಕಟ್ಟಿದ ಪಟ್ಟಿ ಕಿತ್ತರೆ ಆಟ ಅಲ್ಲಿಗೆ ನಿಂತಿತು. ನಾಲ್ಕು ಅವಕಾಶದಲ್ಲಿ ಅರ್ಧ ಮೈದಾನ ದಾಟಬೇಕು, ಇನ್ನು ನಾಲ್ಕರಲ್ಲಿ ಆಚೆ ತುದಿಯ ಗೆರೆ ಮುಟ್ಟಬೇಕು, ಅದೇ ಟಚ್‌ಡೌನ್. ಇನ್ನೊಂದು ನಿಯಮ ಇದೆ, ಇದು ಮುಂದೆ ಬೇಕಾಗುತ್ತೆ: ಗೆರೆಗೆ ಕೊನೆಯ ಐದು ಯಾರ್ಡ್ ಇರುವಾಗ ಓಡುವ ಹಾಗಿಲ್ಲ, ಎಸೆಯಲೇಬೇಕು.

ನನ್ನದು ಒಂದೇ ಹಟ. ಎದುರಾಳಿಗೆ ಒಂದು ಪ್ಲೇ ಕೂಡ ಮುಂಚೆ ಗೊತ್ತಾಗಬಾರದು. ರಾತ್ರಿ ಕೂತು ಪ್ಲೇ ಬರೆದೆ. ಮಕ್ಕಳ ಮಣಿಕಟ್ಟಿಗೆ ಕಟ್ಟುವ ರಿಸ್ಟ್‌ಬ್ಯಾಂಡ್‌ನ ಆ ಪುಟ್ಟ ಪ್ಲಾಸ್ಟಿಕ್ ಕಿಟಕಿಯೊಳಗೆ ಇರುವೆ ಸಾಲಿನ ಹಾಗೆ ಪ್ರಿಂಟ್ ಹಾಕಿಸಿ ತುರುಕಿದೆ. ಮಳೆಗೆ ಶಾಯಿ ಹರಡಿ ನೀಲಿ ಬಾಣವೂ ಕೆಂಪು ಬಾಣವೂ ಒಂದೇ ನೇರಳೆ ಕಲೆ ಆಗಿರುತ್ತಿತ್ತು. ಮಕ್ಕಳು ಮೂಗಿಗೆ ಹತ್ತಿರ ಹಿಡಿದು ನೋಡೋರು. ಸಿಯಾಟಲ್‌ನಲ್ಲಿ ಅಕ್ಟೋಬರ್ ಅಂದರೆ ಹೇಗಿರುತ್ತೆ ಅಂತ ಹೇಳಬೇಕಾಗಿಲ್ಲ.

ಈಗ ತಪ್ಪಿಗೆ ಬರುತ್ತೇನೆ. ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ನಿಮ್ಮ ಪ್ರಶ್ನೆಗೆ ಉತ್ತರ ಇರೋದೇ ಇದರಲ್ಲಿ.

ಟೀಮ್‌ನಲ್ಲಿ ಒಬ್ಬ ಹುಡುಗ ಇದ್ದ. ಗಾಳಿ ಥರ ಓಡೋನು, ಆದರೆ ಎಸೆದ ಬಾಲ್ ಹಿಡಿಯೋಕೆ ಬರುತ್ತಿರಲಿಲ್ಲ. ಒಬ್ಬಳು ಹುಡುಗಿ ಇದ್ದಳು. ಓಟ ನಿಧಾನ, ಆದರೆ ಕೈಗೆ ಬಂದ ಬಾಲ್ ಬಿಟ್ಟವಳೇ ಅಲ್ಲ. ರನ್ ಆಡಬೇಕು ಅಂದಾಗ ಹುಡುಗನನ್ನು ಒಳಗೆ ಕಳಿಸುತ್ತಿದ್ದೆ. ಪಾಸ್ ಅಂದಾಗ ಅವನನ್ನು ಕರೆದು ಅವಳನ್ನು ಕಳಿಸುತ್ತಿದ್ದೆ. ಇದರಲ್ಲಿ ಏನು ತಪ್ಪಿದೆ ಹೇಳಿ? ಓಡೋದಕ್ಕೆ ಓಡೋನು, ಹಿಡಿಯೋದಕ್ಕೆ ಹಿಡಿಯೋಳು. ಯಾವ ಪ್ಲೇ ತೆಗೆದುಕೊಂಡು ನೋಡಿದರೂ ನಾನು ಮಾಡಿದ್ದು ಸರಿಯಾಗೇ ಇತ್ತು. ಒಟ್ಟಿಗೆ ಇಟ್ಟು ನೋಡಿದರೆ ಮಾತ್ರ ಗೊತ್ತಾಗೋದು, ನಾನು ಪ್ರತಿ ಪ್ಲೇಗೂ ಮುಂಚೆ ಬೋರ್ಡ್ ಹಾಕಿ ತೋರಿಸುತ್ತಿದ್ದೆ ಅಂತ. ಹುಡುಗ ಬಂದ, ರನ್. ಹುಡುಗಿ ಬಂದಳು, ಪಾಸ್. ಕಾಗದದ ಮೇಲೆ ಅಷ್ಟೊಂದು ಬಗೆ ಇತ್ತು. ಎದುರಿಗೆ ನಿಂತವರಿಗೆ ಕಾಣುತ್ತಿದ್ದದ್ದು ಎರಡೇ ಬಗೆ. ಅವರು ನನ್ನ ಕಾಗದ ಓದುವ ಅಗತ್ಯವೇ ಇರಲಿಲ್ಲ, ಬೌಂಡರಿ ಗೆರೆ ದಾಟಿ ಯಾರು ಒಳಗೆ ಬಂದರು ಅಂತ ನೋಡಿದರೆ ಸಾಕಿತ್ತು.

ಇದನ್ನು ಮೊದಲು ಕಂಡುಹಿಡಿದವಳು ನನ್ನ ಮಗಳು. ಅವಳು ಸೆಂಟರ್, ಬಾಲನ್ನು ಹಿಂದಕ್ಕೆ ಕೊಡೋಳು. ಎದುರಿನವರ ಮಾತು ಅವಳ ಕಿವಿಗೆ ಬೀಳುತ್ತೆ. ಸೀಸನ್‌ನ ಕೊನೆಯ ನಾಕ್‌ಔಟ್ ಪಂದ್ಯದ ಹಾಫ್‌ಟೈಮ್‌ನಲ್ಲಿ ಕಿತ್ತಳೆ ಹೋಳು ಕಚ್ಚಿಕೊಂಡು ಬಂದು ಹೇಳಿದಳು:

"ಅಪ್ಪಾ, ಅವನು ಬಂದ ಕೂಡ್ಲೇ ಅವ್ರು ರನ್ ರನ್ ಅಂತ ಕೂಗ್ತಾರೆ."

"ಕೂಗ್ಲಿ ಬಿಡು ಪುಟ್ಟಿ."

"ಪಾಸ್‌ಗೂ ಅವನು ಇರ್ಲಿ ಅಪ್ಪಾ."

"ಅವನಿಗೆ ಬಾಲ್ ಹಿಡಿಯೋಕೆ ಬರಲ್ವಲ್ಲ."

"ಹಿಡಿಯೋದು ಬೇಡ. ಸುಮ್ನೆ ಓಡ್ಲಿ."

ಎಷ್ಟು ಸರಿಯಾದ ಮಾತು ಅಂತ ಈಗ ಗೊತ್ತಾಗುತ್ತೆ. ಅವನು ಬರಿಗೈಯಲ್ಲಿ ಓಡಿದರೂ ಎದುರಿನ ಇಬ್ಬರು ಅವನ ಹಿಂದೆ ಹೋಗೋರು. ಆವತ್ತು ನಾನು ಕೇಳಲಿಲ್ಲ. ಕೊನೆಯ ನಿಮಿಷ, ನಾವು ಒಂದು ಟಚ್‌ಡೌನ್ ಹಿಂದೆ, ಗೆರೆ ಐದು ಯಾರ್ಡ್ ಒಳಗೆ. ಓಡುವ ಹಾಗಿಲ್ಲ. ಪಾಸ್ ಅಂತ ಎಲ್ಲರಿಗೂ ಗೊತ್ತು, ಯಾರಿಗೆ ಅಂತ ಗೊತ್ತಾಗಬಾರದಿತ್ತು ಅಷ್ಟೇ. ನಾನು ಹುಡುಗನನ್ನು ಹೊರಗೆ ಕರೆದು ಹುಡುಗಿಯನ್ನು ಕಳಿಸಿದೆ. ಎದುರು ಟೀಮ್‌ನ ಹಲ್ಲು ಬಿದ್ದ ಪೋರನೊಬ್ಬ ಅವಳ ಕಡೆ ಬೆರಳು ತೋರಿಸಿ "ಅವಳಿಗೇ! ಅವಳಿಗೇ!" ಅಂತ ಇಂಗ್ಲಿಷಿನಲ್ಲಿ ಕಿರುಚಿದ. ಮೂರು ಜನ ಅವಳನ್ನು ಸುತ್ತಿಕೊಂಡರು. ಬಾಲ್ ಅವರ ಕೈಗೆ ಹೋಯ್ತು. ಸೀಸನ್ ಮುಗೀತು. ಆ ಹುಡುಗಿ ತನ್ನಿಂದಲೇ ಸೋತೆವು ಅಂದುಕೊಂಡು ಅತ್ತಳು, ಮುಂದಿನ ವರ್ಷ ಸಾಕರ್‌ಗೆ ಸೇರಿಕೊಂಡಳು. ಪಂದ್ಯ ಹೋದದ್ದಕ್ಕಿಂತ ನನಗೆ ಇದೇ ಜಾಸ್ತಿ ಕೊರೆಯೋದು.

ಆಮೇಲೆ ನಾನು ಹಳೇ ಪಂದ್ಯಗಳನ್ನು ಬೇರೆ ಕಣ್ಣಲ್ಲಿ ನೋಡೋಕೆ ಶುರು ಮಾಡಿದೆ. ಮೊದಲು ನೋಡಿದ್ದು ನಮ್ಮ ಊರಿನ ದೊಡ್ಡ ಗಾಯವನ್ನೇ, 2015ರ ಫೆಬ್ರವರಿ 1ರ ಸೂಪರ್ ಬೌಲ್, ಅಂದರೆ ಲೀಗ್‌ನ ಫೈನಲ್. ಎದುರಿಗೆ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್, ನಾವು ನಾಲ್ಕು ಅಂಕ ಹಿಂದೆ. ಗೆರೆಗೆ ಒಂದೇ ಯಾರ್ಡ್ ಬಾಕಿ. ಹಿಂದುಗಡೆ ನಮ್ಮ ಓಟಗಾರ ಮಾರ್ಶಾನ್ ಲಿಂಚ್ ನಿಂತಿದ್ದಾರೆ. ಕೈಗೆ ಬಾಲ್ ಕೊಟ್ಟರೆ ಮುಗೀತು ಅಂತ ಜಗತ್ತಿಗೇ ಗೊತ್ತು. ಕೊಡಲಿಲ್ಲ, ಪಾಸ್ ಎಸೆದರು. ಪೇಟ್ರಿಯಟ್ಸ್‌ನ ಮಾಲ್ಕಮ್ ಬಟ್ಲರ್ ಮುಂದೆ ನುಗ್ಗಿ ಹಿಡಿದುಬಿಟ್ಟರು. 28-24, ಸೋಲು. ಇಷ್ಟು ವರ್ಷವಾದರೂ ಇಲ್ಲಿಯ ಜನ ಬೈಯೋದು ಏನಂತ? "ಎಲ್ಲರಿಗೂ ಗೊತ್ತಿದ್ದ ಪ್ಲೇ ಯಾಕೆ ಆಡಲಿಲ್ಲ" ಅಂತ! ನೋಡಿ, ಫ್ಯಾನ್‌ಗಳ ನ್ಯಾಯ. ಗೊತ್ತಿದ್ದನ್ನು ಆಡಿದರೂ ಬೈಗುಳ, ಬಿಟ್ಟರೂ ಬೈಗುಳ.

ಆದರೆ ಬಟ್ಲರ್‌ಗೆ ಅದು ಹೇಗೆ ಗೊತ್ತಾಯ್ತು ಅನ್ನೋದು ಮುಖ್ಯ. ನಮ್ಮ ಇಬ್ಬರು ರಿಸೀವರ್‌ಗಳು (ಪಾಸ್ ಹಿಡಿಯೋರು) ಒಂದು ಬದಿಯಲ್ಲಿ ಒಬ್ಬರ ಹಿಂದೆ ಒಬ್ಬರು ನಿಂತಿದ್ದರು. ಆ ವಾರದ ಪ್ರ್ಯಾಕ್ಟೀಸ್‌ನಲ್ಲಿ ಪೇಟ್ರಿಯಟ್ಸ್ ಅದೇ ಜೋಡಣೆ, ಅದೇ ಪ್ಲೇ ಆಡಿ ನೋಡಿದ್ದರು, ಬಟ್ಲರ್ ಅಲ್ಲಿ ಏಟು ತಿಂದು ಕಲಿತಿದ್ದರು. ಅವರ ಪಕ್ಕದಲ್ಲಿದ್ದ ಬ್ರ್ಯಾಂಡನ್ ಬ್ರೌನರ್ ಮುಂಚೆ ಸಿಯಾಟಲ್‌ಗೇ ಆಡಿದವರು. ರನ್ನೋ ಪಾಸೋ ಅನ್ನೋದರಲ್ಲಿ ನಾವು ಇಡೀ ಜಗತ್ತಿಗೆ ಟೋಪಿ ಹಾಕಿದೆವು. ನಿಂತ ರೀತಿಯಲ್ಲೇ ಸಿಕ್ಕಿಬಿದ್ದೆವು.

ಹಾಗಾಗಿ ನಿಮ್ಮ ದೂರನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಅದೇ ಪ್ಲೇ ಮತ್ತೆ ಮತ್ತೆ ಆಡೋದು ತಪ್ಪೇ ಅಲ್ಲ. 1960ರ ದಶಕದಲ್ಲಿ ಕೋಚ್ ವಿನ್ಸ್ ಲೊಂಬಾರ್ಡಿಯ ಗ್ರೀನ್ ಬೇ ಪ್ಯಾಕರ್ಸ್ 'ಸ್ವೀಪ್' ಅನ್ನೋ ಒಂದೇ ಓಟವನ್ನು ತಿಕ್ಕಿ ತಿಕ್ಕಿ ಹೊಳೆಯೋ ಹಾಗೆ ಮಾಡಿತ್ತು. ಬರುತ್ತೆ ಅಂತ ಎಲ್ಲರಿಗೂ ಗೊತ್ತಿತ್ತು, ತಡೆಯೋದು ಕಷ್ಟವಾಗುತ್ತಿತ್ತು. ನಮ್ಮ ಕುಂಬ್ಳೆ ಬಾಲ್ ಜಾಸ್ತಿ ತಿರುಗಿಸಲ್ಲ ಅಂತ ಯಾವ ಬ್ಯಾಟ್ಸ್‌ಮನ್‌ಗೆ ಗೊತ್ತಿರಲಿಲ್ಲ? ಆದರೂ ಟೆಸ್ಟ್‌ನಲ್ಲಿ 619 ವಿಕೆಟ್. ಓಡಿ ಬರೋದು ಅದೇ ಥರ, ಕೈ ಬೀಸೋದು ಅದೇ ಥರ. ಯಾವುದು ಒಳಗೆ ನುಗ್ಗುತ್ತೆ, ಯಾವುದು ಎದ್ದು ಬರುತ್ತೆ ಅಂತ ಬಿದ್ದ ಮೇಲೆಯೇ ತಿಳಿಯೋದು.

ನಮ್ಮ ಟೀಮ್ ಡಲ್ಲಾಸ್‌ನಲ್ಲಿ ಗುದ್ದಾಡಿದ ಅದೇ 2018ರ ಸೀಸನ್‌ನಲ್ಲಿ ಕೋಚ್ ಶಾನ್ ಮೆಕ್‌ವೇ ಅವರ ಲಾಸ್ ಏಂಜಲಿಸ್ ರ‍್ಯಾಮ್ಸ್ ಏನು ಮಾಡಿತು ನೋಡಿ. ಹೆಚ್ಚುಕಡಿಮೆ ಇಡೀ ಸೀಸನ್ ಮೂರು ರಿಸೀವರ್, ಒಬ್ಬ ಟೈಟ್ ಎಂಡ್ (ತಡೆಯೋದೂ ಹಿಡಿಯೋದೂ ಮಾಡೋನು), ಒಬ್ಬ ರನ್ನಿಂಗ್ ಬ್ಯಾಕ್ (ಬಾಲ್ ಹಿಡಿದು ಓಡೋನು). ಜನರನ್ನು ಬದಲಾಯಿಸೋದೇ ಕಡಿಮೆ. ಅದೇ ನಿಲುವಿನಿಂದ ರನ್, ಅದೇ ನಿಲುವಿನಿಂದ ರನ್ ಥರ ತೋರಿಸಿ ಪಾಸ್. ಹಾಗೆ ಸೂಪರ್ ಬೌಲ್ ತನಕ ಹೋದರು. (ಅಲ್ಲಿ 13-3ಕ್ಕೆ ಸೋತರು ಅನ್ನೋದು ಬೇರೆ ಮಾತು. ಆಗಿನ ಪೇಟ್ರಿಯಟ್ಸ್ ಕೋಚ್ ಬಿಲ್ ಬೆಲಿಚಿಕ್ ಎದುರಿಗಿದ್ದರೆ ಎಂಥವರ ಲೆಕ್ಕವೂ ತಪ್ಪುತ್ತಿತ್ತು.) ನಾನು ಮಕ್ಕಳಿಗೆ ಮಾಡಬೇಕಾಗಿದ್ದದ್ದೂ ಇದೇ. ಪ್ಲೇ ಕಡಿಮೆ ಇರಲಿ, ಮುಖ ಒಂದೇ ಇರಲಿ.

"ಸೋಫಾದಿಂದಲೇ ಗೊತ್ತಾಗುತ್ತೆ" ಅನ್ನೋದನ್ನೂ ಸ್ವಲ್ಪ ಪಕ್ಕಕ್ಕಿಡಿ. ಎರಡೇ ಉತ್ತರ ಇರೋ ಪ್ರಶ್ನೆ, ಕಣ್ಣು ಮುಚ್ಚಿ ಹೇಳಿದರೂ ಎಷ್ಟೋ ಸಲ ಸರಿ ಬರುತ್ತೆ. ತಪ್ಪಾದದ್ದು ನೆನಪಿರಲ್ಲ. ನನ್ನ ಗೆಳೆಯರನ್ನು ಕೇಳಿದರೆ ನಾನು ತಪ್ಪು ಹೇಳಿದ್ದನ್ನೆಲ್ಲ ಪಟ್ಟಿ ಮಾಡಿ ಕೊಟ್ಟಾರು. ಮೇಲಾಗಿ, ಟಿವಿ ಕ್ಯಾಮೆರಾ ಸೇಫ್ಟಿಗಳನ್ನು, ಅಂದರೆ ತಡೆಯೋ ಟೀಮ್‌ನಲ್ಲಿ ಎಲ್ಲರಿಗಿಂತ ಹಿಂದೆ ದೂರದಲ್ಲಿ ನಿಂತವರನ್ನು, ಬಹಳ ಸಲ ತೋರಿಸೋದೇ ಇಲ್ಲ. ಕೋಚ್ ಯಾವುದನ್ನು ನೋಡಿ ರನ್ ಅಂದರೋ ಅದೇ ನಮಗೆ ಕಾಣಲ್ಲ.

ಇನ್ನು ಕೋಆರ್ಡಿನೇಟರ್ ಕಥೆ. 2020ರಲ್ಲಿ ನಾವೆಲ್ಲ ಸೇರಿ 'ರಸ್‌ಗೆ ಅಡುಗೆ ಮಾಡೋಕೆ ಬಿಡಿ' ಅಂತ ಬೊಬ್ಬೆ ಹೊಡೆದೆವು. ಓಟ ಸಾಕು, ವಿಲ್ಸನ್ ಕೈಗೆ ಕೊಡಿ ಅಂತ. ಬಿಟ್ಟರು. ಮೊದಲ ಐದೂ ಪಂದ್ಯ ಗೆದ್ದೆವು, ವಿಲ್ಸನ್ ಆ ಸೀಸನ್ 40 ಟಚ್‌ಡೌನ್ ಪಾಸ್ ಎಸೆದರು. ಎದುರಾಳಿಗಳು ಸುಮ್ನೆ ಕೂರುತ್ತಾರಾ? ಇಬ್ಬರು ಸೇಫ್ಟಿಗಳನ್ನು ಆಳದಲ್ಲಿ ನಿಲ್ಲಿಸಿ ಉದ್ದದ ಪಾಸ್‌ಗೆ ಬೀಗ ಹಾಕಿದರು. ಕೊನೆಗೆ 2021ರ ಜನವರಿಯ ಪ್ಲೇಆಫ್‌ನಲ್ಲಿ ರ‍್ಯಾಮ್ಸ್‌ನ ಡೇರಿಯಸ್ ವಿಲಿಯಮ್ಸ್ ನಮ್ಮ ಸ್ಕ್ರೀನ್ ಪಾಸ್‌ಗೆ (ಗಿಡ್ಡ ಪಾಸ್) ಮೊದಲೇ ನುಗ್ಗಿ ಬಾಲ್ ಕಿತ್ತುಕೊಂಡು 42 ಯಾರ್ಡ್ ಓಡಿ ಗೆರೆ ಮುಟ್ಟಿದರು. ಆಗ ಬೈದದ್ದು "ಬರೀ ಪಾಸ್ ಆಯ್ತು, ರನ್ ಎಲ್ಲಿ?" ಅಂತ. ಶಾಟೆನ್‌ಹೈಮರ್ ಆ ತಿಂಗಳೇ ಕೆಲಸ ಕಳೆದುಕೊಂಡರು. ಈಗ ಎಲ್ಲಿದ್ದಾರೆ ಗೊತ್ತಾ? 2025ರಿಂದ ಡಲ್ಲಾಸ್ ಕೌಬಾಯ್ಸ್‌ನ ಹೆಡ್ ಕೋಚ್!

ಪಿಟ್ಸ್‌ಬರ್ಗ್ ಟೀಮ್‌ನವರದ್ದು ಇನ್ನೂ ಮಜ. ಅಲ್ಲಿನ ಕೋಆರ್ಡಿನೇಟರ್ ಮ್ಯಾಟ್ ಕೆನಡಾ. 'ಕೆನಡಾನ ತೆಗೀರಿ' ಅನ್ನೋ ಕೂಗು ಐಸ್ ಹಾಕಿ ಪಂದ್ಯದಲ್ಲೂ ಕೇಳಿಸುತ್ತಿತ್ತು. 2023ರ ನವೆಂಬರ್‌ನಲ್ಲಿ ತೆಗೆದರು. ಮುಂದಿನ ಪಂದ್ಯದಲ್ಲೇ 421 ಯಾರ್ಡ್, ಅವರ ಕಾಲದಲ್ಲಿ ಒಮ್ಮೆಯೂ 400 ದಾಟಿರಲಿಲ್ಲ. ಹಬ್ಬ! ಆದರೆ ಅಂಕ ಬಂದದ್ದು 16. ಅದಾದ ಮೇಲಿನ ಎರಡು ಪಂದ್ಯ ತಮ್ಮದೇ ಅಂಗಳದಲ್ಲಿ ಸೋತರು, ಅದೂ ಅಲ್ಲಿಯ ತನಕ ಎರಡೆರಡೇ ಪಂದ್ಯ ಗೆದ್ದಿದ್ದ ಟೀಮ್‌ಗಳಿಗೆ. ಕೋಆರ್ಡಿನೇಟರ್ ತೆಗೆಯಬಾರದು ಅಂತ ನಾನು ಹೇಳುತ್ತಿಲ್ಲ. ಕೆನಡಾ ಹೋಗಬೇಕಿತ್ತು ಅಂತಲೇ ನನ್ನ ಅಭಿಪ್ರಾಯ. ಆದರೆ ಅದಕ್ಕೋಸ್ಕರ ಕಾದು ಕೂತು ನಿಮ್ಮ ಭಾನುವಾರ ಯಾಕೆ ಹಾಳು ಮಾಡ್ಕೊಳ್ತೀರಿ?

ನೋಡೋದು ಬಿಡಬೇಡಿ, ಟೀಮ್ ಬದಲಾಯಿಸೋ ಮಾತಂತೂ ಎತ್ತಲೇಬೇಡಿ. ನೋಡೋದರಲ್ಲಿ ಒಂದು ಬದಲಾವಣೆ ಮಾಡಿ. ಬಾಲ್ ಕಡೆ ನೋಡಬೇಡಿ. ಸ್ನ್ಯಾಪ್‌ಗೆ ಮುಂಚೆ ಹೊರಗಿನಿಂದ ಯಾರು ಬಂದರು, ರನ್ನಿಂಗ್ ಬ್ಯಾಕ್ ಕ್ವಾರ್ಟರ್‌ಬ್ಯಾಕ್ ಪಕ್ಕದಲ್ಲಿದ್ದಾರಾ ಹಿಂದೆ ಇದ್ದಾರಾ, ಯಾರಾದರೂ ಅಡ್ಡ ಓಡಿದರಾ, ಓಡಿದವರಿಗೆ ಯಾವತ್ತಾದರೂ ಬಾಲ್ ಸಿಗುತ್ತಾ. ಮೊದಲ ಡೌನ್‌ಗಳಲ್ಲಿ (ಡೌನ್ ಅಂದರೆ ಆ ನಾಲ್ಕು ಅವಕಾಶಗಳಲ್ಲಿ ಒಂದು) ಮಾತ್ರ ನೋಡಿದರೆ ಸಾಕು, ಅಲ್ಲೇ ಬಾಲ್ ಇರೋ ಟೀಮ್‌ಗೆ ಯಾವುದು ಬೇಕಾದರೂ ಆಡೋ ಸ್ವಾತಂತ್ರ್ಯ ಇರೋದು. ಮೂರನೇ ಡೌನ್, ಹನ್ನೆರಡು ಯಾರ್ಡ್ ಬಾಕಿ ಇದ್ದಾಗ ಪಾಸ್ ಅಂತ ಹೇಳೋಕೆ ನಮ್ಮಮ್ಮನಿಗೂ ಬರುತ್ತೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಸರಿ ಹೇಳಿದ್ದರ ಜೊತೆ ತಪ್ಪಾಗಿದ್ದನ್ನೂ ಬರೆದಿಡಿ. ಎರಡು ಮೂರು ಪಂದ್ಯ ಹೀಗೆ ನೋಡಿದ ಮೇಲೂ ಒಂದೇ ನಿಲುವಿನಿಂದ ಒಂದೇ ಪ್ಲೇ ಬರುತ್ತಿದ್ದರೆ, ಆಗ ಧಾರಾಳವಾಗಿ ಬೈಯಿರಿ. ಯಾವ ಟೀಮ್ ಅಂತ ನೀವು ಬರೆದಿಲ್ಲ. ನಮ್ಮ ಬದ್ಧ ಎದುರಾಳಿ ಫಾರ್ಟಿನೈನರ್ಸ್ ಆಗಿದ್ದರೆ ಮಾತ್ರ ದಯವಿಟ್ಟು ಹೇಳಬೇಡಿ, ಇಷ್ಟುದ್ದ ಬರೆದದ್ದಕ್ಕೆ ಹೊಟ್ಟೆ ಉರಿಯುತ್ತೆ.